ಟಿವಿಗಿಂತ ಮೊದಲು ಒಂದು ತಾಸು

(ಕಲಬುರಗಿಯಲ್ಲಿ ಸರ್ಕಾರಿ ಶಾಲೆಗಳ ಮುಖ್ಯಶಿಕ್ಷಕರು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಮತ್ತು ಎಸ್‌ಡಿಎಂಸಿ – ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ – ಸದಸ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ದುಡ್ಡು ಬಂದರೆ ಶಾಲೆಗೆ ಮೊದಲು ಏನು ತರುತ್ತೀರಿ ಎಂದು ಕೇಳಿದರೆ ಇಲ್ಲಿ ಕೂತ ಬಹಳ ಮಂದಿ ಸ್ಮಾರ್ಟ್ ಟಿವಿ ಅನ್ನುತ್ತೀರಿ. ದಾನ ಕೊಡುವವರಿಗೂ ಅದೇ ಬೇಕು. ಗೋಡೆಗೆ ಹಾಕಿದರೆ ಕಾಣುತ್ತದೆ, ಉದ್ಘಾಟನೆಯ ಫೋಟೊ ಬರುತ್ತದೆ, ಕೆಳಗೆ ಹೆಸರು ಬರೆಸಬಹುದು. ನಾನು ಕೇಳಲು ಬಂದಿರುವುದಕ್ಕೆ ಹೆಸರು ಬರೆಸಲು ಜಾಗವಿಲ್ಲ. ವೇಳಾಪಟ್ಟಿಯಲ್ಲಿ ದಿನಕ್ಕೊಂದು ತಾಸು ಬಿಡಿಸಿಕೊಡಿ. ಆ ತಾಸಿನಲ್ಲಿ ನಾಲ್ಕು, ಐದನೇ ತರಗತಿಯ ಪಠ್ಯಪುಸ್ತಕ ಮುಚ್ಚಿಡಬೇಕು. ಯಾವ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಓದು, ಲೆಕ್ಕ ಶುರುವಾಗಬೇಕು. ಟಿವಿಯ ಮಾತು ಆಮೇಲೆ ಆಡೋಣ.

ನಮ್ಮ ಕಡೆಯ ಅಂಕಿಗಳು ನಿಮಗೆ ಬಾಯಿಪಾಠ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಬೀದರ್ ಶೇ 70.51, ಕಲಬುರಗಿ ಶೇ 64.85, ಯಾದಗಿರಿ ಶೇ 51.83. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಶೇ 94, ಕೊನೆಯ ಯಾದಗಿರಿ ಶೇ 50.59. 2025ರಲ್ಲಿ ಕೊನೆಯ ಸ್ಥಾನ ಕಲಬುರಗಿಗೆ, ಶೇ 42.43. ಫಲಿತಾಂಶ ಬಂದ ವಾರ ಎಲ್ಲರೂ ಹತ್ತನೇ ತರಗತಿಯ ಮಾಸ್ತರರ ಮೇಲೆ ಬೀಳುತ್ತಾರೆ, ನೋಟಿಸು ಅವರಿಗೇ ಹೋಗುತ್ತದೆ. ಸಮಾಜವಿಜ್ಞಾನದ ಪ್ರಶ್ನೆಪತ್ರಿಕೆ ಓದಲಾರದ ಹುಡುಗನಿಗೆ ಜನವರಿಯಲ್ಲಿ ವಿಶೇಷ ತರಗತಿ ಇಟ್ಟು, 'ಪಾಸಿಂಗ್ ಪ್ಯಾಕೇಜ್' ಕೈಗೆ ಕೊಟ್ಟರೆ ಅವನೇನು ಮಾಡಿಯಾನು? ಅವನ ಓದು ನಿಂತದ್ದು ಆರೇಳು ವರ್ಷದ ಹಿಂದೆ.

ಹಾಗೆ ನಿಂತ ಓದನ್ನು ಮತ್ತೆ ನಡೆಸಬಹುದೇ ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲೇ ಗಟ್ಟಿಯಾಗಿ ಪರೀಕ್ಷಿಸಿದ್ದಾರೆ. ಮುಂಬೈ ಮತ್ತು ವಡೋದರದ ಪಾಲಿಕೆ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 'ಬಾಲಸಖಿ' ಎಂಬ ಯೋಜನೆ ನಡೆಸಿತು. ಅದೇ ಬಡಾವಣೆಯ, ಹತ್ತನೆಯದೋ ಹನ್ನೆರಡನೆಯದೋ ಓದಿದ ಹುಡುಗಿ ಮೂರು, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ 15–20 ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂಡಿಸಿಕೊಂಡು ಬರೀ ಬುನಾದಿ ಓದು, ಲೆಕ್ಕ ಕಲಿಸುವುದು. ಸಂಬಳ ತಿಂಗಳಿಗೆ 500ರಿಂದ 750 ರೂಪಾಯಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ, ಶಾನ್ ಕೋಲ್, ಲೀ ಲಿಂಡನ್ ಎಂಬ ಅರ್ಥಶಾಸ್ತ್ರಜ್ಞರು 2001ರಿಂದ ಇದರ ಅಧ್ಯಯನ ಮಾಡಿದರು. ಚೀಟಿ ಎತ್ತಿದಂತೆ ಆರಿಸಿ ಕೆಲವು ಕಡೆ ಸಖಿಯನ್ನು ಕೊಟ್ಟು, ಕೆಲವು ಕಡೆ ಕೊಡದೆ ಹೋಲಿಸಿದರು. ಎರಡನೇ ವರ್ಷದ ಕೊನೆಗೆ ಅಂಕಗಳಲ್ಲಿ ಕಂಡ ವ್ಯತ್ಯಾಸ 0.28 ಪ್ರಮಾಣಿತ ವಿಚಲನೆ. ಈ ಮಾತು ಕೇಳಿ ಹೆದರಬೇಡಿ. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ 50ನೆಯ ಜಾಗದಲ್ಲಿದ್ದ ಮಗು ಸುಮಾರು 61ನೆಯ ಜಾಗಕ್ಕೆ ಬಂದಂತೆ. ಮುಂದೆ ಬರುವ ಅಂಕಿಗಳನ್ನೂ ಇದೇ ಸಾಲಿನಲ್ಲಿ ಹೇಳುತ್ತೇನೆ.

ಅದೇ ವಡೋದರದಲ್ಲಿ ಯಂತ್ರದ ಪರೀಕ್ಷೆಯೂ ನಡೆಯಿತು. ಗುಜರಾತ್ ಸರ್ಕಾರ ಪಾಲಿಕೆ ಶಾಲೆಗಳಿಗೆ ನಾಲ್ಕು ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು, ಬಹಳ ಕಡೆ ಅವು ಸುಮ್ಮನೆ ಕೂತಿದ್ದವು. ನಾಲ್ಕನೇ ತರಗತಿ ಮಕ್ಕಳು ಒಂದು ಕಂಪ್ಯೂಟರಿಗೆ ಇಬ್ಬರಂತೆ ವಾರಕ್ಕೆ ಎರಡು ತಾಸು ಗಣಿತದ ಆಟ ಆಡಿದರು. ತಪ್ಪು ಮಾಡಿದರೆ ಸುಲಭದ ಲೆಕ್ಕ, ಸರಿ ಮಾಡಿದರೆ ಕಠಿಣ ಲೆಕ್ಕ ಬರುವ ಆಟ. ಎರಡನೇ ವರ್ಷದಲ್ಲಿ ಗಣಿತದಲ್ಲಿ 50ನೆಯವನು 68ಕ್ಕೆ ಏರಿದ. ಹಾಗಾದರೆ ಕಂಪ್ಯೂಟರ್ ಗೆದ್ದಿತು ಅನ್ನುತ್ತೀರಿ. ತಡೆಯಿರಿ. ಲಿಂಡನ್ ಅವರೇ ಗುಜರಾತಿನ ಜ್ಞಾನಶಾಲಾ ಎಂಬ ಸಂಸ್ಥೆಯ ಶಾಲೆಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ತಂತ್ರಾಂಶ ಎರಡೂ ಕಡೆ ಒಂದೇ. ಒಂದು ಕಡೆ ಶಾಲಾ ಅವಧಿಯೊಳಗೆ, ಶಿಕ್ಷಕಿಯ ಪಾಠದ ಬದಲು ಕಂಪ್ಯೂಟರ್. ಇನ್ನೊಂದು ಕಡೆ ಶಾಲೆ ಬಿಟ್ಟ ಮೇಲೆ ಅಥವಾ ಶುರುವಾಗುವ ಮೊದಲು. ಅವಧಿಯೊಳಗೆ ಕೂಡಿಸಿದ ಕಡೆ ಮಕ್ಕಳು 50ರಿಂದ 28ರ ಜಾಗಕ್ಕೆ ಕುಸಿದರು. ಹೊರಗೆ ಕೂಡಿಸಿದ ಕಡೆ 61ಕ್ಕೆ ಏರಿದರು. ಆ ಸಂಸ್ಥೆಯ ಶಿಕ್ಷಕಿಯರ ಪಾಠ ಮೊದಲೇ ಚೆನ್ನಾಗಿತ್ತು, ಕಂಪ್ಯೂಟರ್ ಆ ವೇಳೆಯನ್ನು ತಿಂದಿತು. ಟಿವಿ ಹಾಕುವ ಮುಖ್ಯಗುರುಗಳು ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ಇದು ಯಾರ ವೇಳೆ ತಿನ್ನುತ್ತದೆ? ಯಾರೂ ಕಲಿಸದೆ ಖಾಲಿ ಹೋಗುತ್ತಿದ್ದ ವೇಳೆಯೋ, ಒಳ್ಳೆಯ ಅಕ್ಕೋರ ಪಾಠದ ವೇಳೆಯೋ?

ಪೆರು ದೇಶ ಹಳ್ಳಿ ಶಾಲೆಯ ಮಕ್ಕಳಿಗೆ ತಲೆಗೊಂದು ಲ್ಯಾಪ್‌ಟಾಪ್ ಕೊಟ್ಟಿತು. 319 ಶಾಲೆಗಳ ಅಧ್ಯಯನದಲ್ಲಿ ಹದಿನೈದು ತಿಂಗಳ ನಂತರ ಗಣಿತದಲ್ಲೂ ಇಲ್ಲ, ಭಾಷೆಯಲ್ಲೂ ಇಲ್ಲ, ಏನೂ ಫರಕು ಕಾಣಲಿಲ್ಲ. ದೆಹಲಿಯ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶದ ಕೇಂದ್ರಗಳ ಕಥೆ ಬೇರೆ. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೊ ಗ್ಯಾನಿಮಿಯನ್ ಅವರ ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಾಧ್ಯಮಿಕ ಹಂತದ 619 ಮಕ್ಕಳು, ವಾರಕ್ಕೆ ಆರು ದಿನ, ಶಾಲೆ ಬಿಟ್ಟ ಮೇಲೆ 90 ನಿಮಿಷ. ಅದರಲ್ಲಿ 45 ನಿಮಿಷ ಕಂಪ್ಯೂಟರ್, 45 ನಿಮಿಷ ಸಣ್ಣ ಗುಂಪಿನಲ್ಲಿ ಸಹಾಯಕರ ಪಾಠ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 50ನೆಯವರು 64ಕ್ಕೆ ಬಂದರು. ಅಲ್ಲಿ ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು. ತಂತ್ರಾಂಶ ಆ ಮಗುವಿಗೆ ಆರನೇ ತರಗತಿ ಲೆಕ್ಕ ಕೊಡದೆ ಮೂರನೆಯ ಲೆಕ್ಕ ಕೊಟ್ಟಿತು. ಬಾಲಸಖಿ ಮಾಡಿದ್ದೂ ಅದೇ ಕೆಲಸ, ಕಂಪ್ಯೂಟರ್ ಇಲ್ಲದೆ.

ನಮಗೆ ಈ ವಿಚಾರ ಹೊರಗಿನಿಂದ ಬರಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿದ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ವಿಧಾನದ ಕಲಿಕಾ ಏಣಿ ಅಂದರೆ ಇದೇ: ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಏರಬೇಕು. ಕೆಲವು ಶಾಲೆಗಳಲ್ಲಿ ಮಕ್ಕಳು ಕೂಡುವ ಗುಂಪು, ಅಂದರೆ ತಟ್ಟೆ, ಬದಲಾಗದೆ, ಕಲಿಕೆಯ ಕಾರ್ಡು ಧೂಳು ಹಿಡಿದು ಅದು ಹೆಸರಿಗಷ್ಟೇ ಉಳಿದಿದೆ. ಅದು ಬೇರೆ ಚರ್ಚೆ. ನನ್ನ ತಕರಾರು ಏಣಿ ಮೂರನೇ ತರಗತಿಗೆ ಮುಗಿಯುತ್ತದೆ ಎಂಬುದು. ಜೂನ್ ತಿಂಗಳಲ್ಲಿ ನಾಲ್ಕನೇ ತರಗತಿಗೆ ಬಂದ ಮಗು ಯಾವ ಮೆಟ್ಟಿಲಲ್ಲಿದ್ದರೂ ಕೈಗೆ ಬರುವುದು ಒಂದೇ ಪುಸ್ತಕ. 'ಓದು ಕರ್ನಾಟಕ' ಕಾರ್ಯಕ್ರಮ ನಾಲ್ಕು, ಐದನೇ ತರಗತಿಯನ್ನು ಹಿಡಿದದ್ದು ಈ ಸಂದಿಯನ್ನು ಮುಚ್ಚಲಿಕ್ಕೇ.

ಈಗ ಕೆಲಸಕ್ಕೆ ಬರೋಣ. ಶಾಲೆ ಶುರುವಾದ ಮೊದಲ ಎರಡು ವಾರದೊಳಗೆ ನಾಲ್ಕರಿಂದ ಏಳರವರೆಗಿನ ಪ್ರತಿ ಮಗುವನ್ನೂ ಒಂಟಿಯಾಗಿ ಕೂಡಿಸಿ ಓದಿಸಬೇಕು. ಒಂದು ಹಾಳೆ ಸಾಕು: ಬಿಡಿ ಅಕ್ಷರ, ಸರಳ ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲಿನ ಪ್ಯಾರಾ, ಎರಡನೇ ತರಗತಿ ಮಟ್ಟದ ಸಣ್ಣ ಕಥೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು 2005ರಿಂದ ಬಳಸುವ ಅಳತೆ ಇದು. ಶುರು ಮಾಡುವುದು ಪ್ಯಾರಾದಿಂದ. ತಡವರಿಸದೆ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಕಥೆಗೆ ಏರಿಸಿ. ಆಗದಿದ್ದರೆ ಪದಕ್ಕೆ ಇಳಿಸಿ, ಐದು ಪದದಲ್ಲಿ ನಾಲ್ಕು ಸರಿ ಬರಬೇಕು. ಅಲ್ಲೂ ಆಗದಿದ್ದರೆ ಅಕ್ಷರ, ಐದರಲ್ಲಿ ನಾಲ್ಕು. ಒಂದು ಮಗುವಿಗೆ ಮೂರು ನಾಲ್ಕು ನಿಮಿಷ. ನಲವತ್ತು ಮಕ್ಕಳಿದ್ದರೆ ಮೂರು ತಾಸಿನೊಳಗೆ ಮುಗಿಯುವ ಕೆಲಸ, ಮೂರ್ನಾಲ್ಕು ದಿನಕ್ಕೆ ಹಂಚಿಕೊಳ್ಳಿ.

ಇದರಲ್ಲಿ ಕೆಡುವುದು ಹೀಗೆ. ತರಗತಿಯ ಮುಂದೆ ನಿಲ್ಲಿಸಿ ಓದಿಸಿದರೆ ಹಿಂದಿನಿಂದ ನಾಲ್ಕು ಜನ ಪಿಸುಗುಡುತ್ತಾರೆ. ವರಾಂಡದ ಮೂಲೆಯಲ್ಲಿ ಕೂಡಿಸಿ. ಪಠ್ಯಪುಸ್ತಕದ ಪಾಠ ಕೊಟ್ಟರೆ ಬಾಯಿಪಾಠ ಒಪ್ಪಿಸುತ್ತದೆ, ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ. ಅದಕ್ಕೇ ಹೊಸ ಪ್ಯಾರಾ ಬೇಕು. ಚಿತ್ರ ಇರಬಾರದು. ಮಗು ತಡೆದಾಗ ಮೊದಲ ಅಕ್ಷರ ಹೇಳಿಕೊಡುವುದು ನಮ್ಮ ಹುಟ್ಟುಗುಣ, ಆ ಮೂರು ನಿಮಿಷ ಬಾಯಿಗೆ ಬೀಗ ಹಾಕಿಕೊಳ್ಳಿ. ಇನ್ನೊಂದು ನಮ್ಮ ಸೀಮೆಗೇ ಸೇರಿದ್ದು: ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಔರಾದ್ ಮತ್ತು ಭಾಲ್ಕಿ ಕಡೆ ಮರಾಠಿ, ಸೇಡಂ ಮತ್ತು ಗುರುಮಠಕಲ್ ಕಡೆ ತೆಲುಗು, ಊರೊಳಗೆ ದಖನಿ ಉರ್ದು. ಇಂಥ ಮಗು ಅಕ್ಷರ ಕೂಡಿಸಿ ಕಥೆಯನ್ನು ಗಡಗಡ ಓದಿಬಿಡಬಹುದು, ಅರ್ಥ ಆಗಿರುವುದಿಲ್ಲ. ಓದಿದ ಮೇಲೆ ಒಂದು ಪ್ರಶ್ನೆ ಕೇಳಿ. ಉತ್ತರವನ್ನು ಯಾವ ಮಾತಿನಲ್ಲಿ ಕೊಟ್ಟರೂ ತೆಗೆದುಕೊಳ್ಳಿ. ಉತ್ತರ ಬರದಿದ್ದರೆ ಆ ಮಗುವಿಗೆ ಅಕ್ಷರಪಾಠ ಬೇಕಾಗಿಲ್ಲ, ಮಾತು ಬೇಕು. ದಿನಾ ಕಥೆ ಕೇಳಿಸಿ, ಅದರ ಬಗ್ಗೆ ಮಾತಾಡಿಸಿ. ಅಕ್ಷರ ಬಾರದ ಮಗು, ಓದಿದರೂ ಅರ್ಥವಾಗದ ಮಗು ಇಬ್ಬರನ್ನೂ 'ಹಿಂದುಳಿದವರು' ಎಂದು ಒಂದೇ ಮೂಲೆಗೆ ಹಾಕಿದರೆ ಇಬ್ಬರಿಗೂ ಉಪಯೋಗವಿಲ್ಲ.

ಅಕ್ಷರದ ವಿಷಯ ಬಂದಾಗ ಸ್ವಲ್ಪ ನಿಲ್ಲುತ್ತೇನೆ, ಇಲ್ಲಿ ಅನ್ಯಾಯ ಬಹಳ ಆಗುತ್ತದೆ. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರ. ಕನ್ನಡದ 34 ವ್ಯಂಜನಗಳಿಗೆ ಹನ್ನೆರಡು ಸ್ವರಚಿಹ್ನೆ ಹಚ್ಚಿದರೂ 408 ರೂಪಗಳಾದವು, ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳನ್ನೇ ಅಧ್ಯಯನ ಮಾಡಿ 2007ರಲ್ಲಿ ತೋರಿಸಿದ್ದಾರೆ: ಈ ಅಕ್ಷರರಾಶಿ ಒಂದೆರಡು ವರ್ಷದಲ್ಲಿ ಕೈಗೆ ಬರುವುದಲ್ಲ, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಕಲಿಕೆ ಸಾಗುತ್ತಲೇ ಇರುತ್ತದೆ. ಮೂರನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಮಗು ದಡ್ಡ ಅಲ್ಲ, ಕನ್ನಡ ಕಲಿಯುವ ಮಾಮೂಲಿ ಮಗು. ನಾಲ್ಕನೆಯ ತರಗತಿಯಲ್ಲಿ 'ಇನ್ನು ಅಕ್ಷರ ಕಲಿಸುವುದಿಲ್ಲ' ಎಂದು ಕೈಬಿಡುವುದೇ ತಪ್ಪು.

ಹೇಗೆ ಕಲಿಸುವುದು? ಕಾಗುಣಿತವನ್ನು ಕ, ಕಾ, ಕಿ, ಕೀ ಎಂದು ರಾಗವಾಗಿ ಹೇಳಿಸುವುದರಿಂದ ರಾಗ ಬರುತ್ತದೆ. ಚಾರ್ಟಿನ ನಡುವೆ 'ತೋ' ಮೇಲೆ ಬೆರಳಿಟ್ಟರೆ ಮಗು ಮತ್ತೆ 'ತ'ದಿಂದ ಎಣಿಸಿಕೊಂಡು ಬರುತ್ತದೆ. ಹಾಗಾಗಿ ಚಾರ್ಟನ್ನು ಅಡ್ಡ ಸಾಲಿನಲ್ಲಷ್ಟೇ ಅಲ್ಲ, ಉದ್ದ ಸಾಲಿನಲ್ಲೂ ಓದಿಸಿ: ಕಿ, ಗಿ, ತಿ, ಮಿ. ಆಗ ಗುಡಿಸು ಮಾಡುವ ಕೆಲಸ ತಿಳಿಯುತ್ತದೆ. ಒಂದು ದಿನಕ್ಕೆ ಒಂದೇ ಚಿಹ್ನೆ, ಅದರಿಂದ ಆಗುವ ಪದಗಳು ಆ ಮಕ್ಕಳ ಬಾಯಲ್ಲಿರುವವು. ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳನ್ನು ಒಂದೇ ವಾರ ಕಲಿಸಬೇಡಿ. ದ-ಧ-ಥ, ರ-ಠ, ಪ-ಷ-ಫ, ಮ ಮತ್ತು ವು. ಒಂದು ಗಟ್ಟಿಯಾಗಲಿ, ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ವ್ಯತ್ಯಾಸ ಮಕ್ಕಳಿಂದಲೇ ಹೇಳಿಸಿ. ಒತ್ತಕ್ಷರದಲ್ಲಿ ಮೊದಲು ಸಜಾತಿ: ಅಕ್ಕ, ಅಪ್ಪ, ಹಳ್ಳಿ, ಬೆಣ್ಣೆ. ವಿಜಾತಿ ಆಮೇಲೆ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ. ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅದಕ್ಕಿಂತ ಮೊದಲು ಎಂಬ ಆ ತಿರುವು ದೊಡ್ಡವರನ್ನೂ ಕಾಡುತ್ತದೆ.

ಗುಂಪು ಮಾಡುವ ಬಗ್ಗೆ. ಇಬ್ಬರು ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ನಲಿ-ಕಲಿಗೆ ಹೋಗುತ್ತಾರೆ, ಇನ್ನೊಬ್ಬರ ಕೈಯಲ್ಲಿ ನಾಲ್ಕು-ಐದು ಸೇರಿ ಇಪ್ಪತ್ತೈದು ಮಕ್ಕಳು. ಮೂರು ಮಟ್ಟ, ಒಬ್ಬರೇ ಗುರುಗಳು. ತಾಸಿನ ಮೊದಲ ಹದಿನೈದು ನಿಮಿಷ ಎಲ್ಲರೂ ಒಟ್ಟಿಗೆ: ಗುರುಗಳು ಒಂದು ಕಥೆ ಗಟ್ಟಿಯಾಗಿ ಓದಬೇಕು, ಮಕ್ಕಳು ಬೆರಳಿಟ್ಟು ಹಿಂಬಾಲಿಸಬೇಕು, ಅದರ ಮೇಲೆ ಮಾತು. ನಂತರದ ಇಪ್ಪತ್ತೈದು ನಿಮಿಷ ಅಕ್ಷರ-ಪದ ಗುಂಪಿನ ಜೊತೆ ಗುರುಗಳು ನೆಲಕ್ಕೆ ಕೂಡಬೇಕು. ಕಥೆ ಓದಬಲ್ಲವರು ಜೋಡಿಯಾಗಿ ಓದಿ ಮೂರು ಸಾಲು ಬರೆಯಲಿ, ಪ್ಯಾರಾ ಗುಂಪು ಪದಚೀಟಿ ಜೋಡಿಸಿ ವಾಕ್ಯ ಮಾಡಲಿ. ಕೊನೆಯ ಇಪ್ಪತ್ತು ನಿಮಿಷ ಪ್ಯಾರಾ ಗುಂಪಿಗೆ. ಕಥೆ ಗುಂಪಿಗೆ ಗುರುಗಳ ವೇಳೆ ಕಡಿಮೆ ಸಿಗುತ್ತದೆ, ಅದು ಬೇಕಂತಲೇ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರು ಜಾಸ್ತಿ ಇದ್ದರೆ ಎಲ್ಲ ತರಗತಿಗೂ ಒಂದೇ ತಾಸು ಇಡಿ. ಐದನೆಯ ಹುಡುಗಿ ಏಳನೆಯವರ ಗುಂಪಿಗೆ ಹೋಗಬೇಕಾದರೆ ವೇಳೆ ಹೊಂದಬೇಕಲ್ಲ. ಅತಿ ಚೆನ್ನಾಗಿ ಕಲಿಸುವವರಿಗೆ ಅಕ್ಷರ ಗುಂಪು ಕೊಡಿ, ಅತಿಥಿ ಶಿಕ್ಷಕರ ತಲೆಗೆ ಕಟ್ಟಬೇಡಿ.

ಗುಂಪು ಮಾಡುವುದರಲ್ಲಿ ನಿಜವಾದ ಅಪಾಯವೂ ಇದೆ. ನಮ್ಮ ಊರುಗಳಲ್ಲಿ ಹಿಂದೆ ಬಿದ್ದ ಮಕ್ಕಳ ಪಟ್ಟಿ ತೆಗೆದರೆ ಅದು ಒಂದೇ ಓಣಿಯ, ಒಂದೇ ತಾಂಡಾದ ಪಟ್ಟಿ ಆಗಿರುವುದು ಅಪರೂಪವಲ್ಲ. ಆ ಗುಂಪು ವರ್ಷಪೂರ್ತಿ ಹಾಗೇ ಉಳಿದರೆ ಶಾಲೆಯೊಳಗೆ ನಾವೇ ಒಂದು ಕೇರಿ ಕಟ್ಟಿದಂತೆ. ಅದಕ್ಕೆ ಹತ್ತು ಹನ್ನೆರಡು ಶಾಲಾದಿನಕ್ಕೊಮ್ಮೆ ಮತ್ತೆ ಓದಿಸಿ ಏರಿಸಲೇಬೇಕು. ಎರಡು ಸಲ ಅಳೆದರೂ ಯಾರೂ ಏರಲಿಲ್ಲ ಅಂದರೆ ಪಾಠದಲ್ಲಿ ಏನೋ ತಪ್ಪಿದೆ, ಮಕ್ಕಳಲ್ಲಿ ಅಲ್ಲ. ಮಧ್ಯಾಹ್ನದ ಊಟ, ಆಟ, ಉಳಿದ ಪಾಠ ಎಲ್ಲ ಬೆರೆತು ನಡೆಯಲಿ.

ಗಣಿತದಲ್ಲೂ ಹಾದಿ ಇದೇ. ಒಂದು ಉದಾಹರಣೆ ಸಾಕು. 52ರಲ್ಲಿ 37 ಕಳೆಯಲು ಕೊಡಿ. ಬಹಳ ಮಕ್ಕಳು 25 ಬರೆಯುತ್ತಾರೆ. ಇದು ಅಡ್ಡಾದಿಡ್ಡಿ ತಪ್ಪಲ್ಲ. ಎರಡರಲ್ಲಿ ಏಳು ಹೋಗದು, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು. ಐದರಲ್ಲಿ ಮೂರು ಕಳೆದು ಎರಡು. ದೊಡ್ಡದರಲ್ಲಿ ಸಣ್ಣದು ಕಳೆಯಬೇಕು ಎಂಬ ನಿಯಮವನ್ನು ಮಗು ನಿಷ್ಠೆಯಿಂದ ಪಾಲಿಸಿದೆ. ಕೆಂಪು ಗೆರೆ ಎಳೆದು ಹತ್ತು ಅಂಥದೇ ಲೆಕ್ಕ ಕೊಟ್ಟರೆ ಹತ್ತೂ ಹಾಗೇ ತಪ್ಪಾಗುತ್ತವೆ. ತೊಗರಿ ಕಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ. ಬೆರಳುದ್ದ ಕಡ್ಡಿ ಮಾಡಿ, ಹತ್ತತ್ತರ ಕಟ್ಟು ರಬ್ಬರ್ ಹಾಕಿ ಇಡಿ. ಐದು ಕಟ್ಟು, ಎರಡು ಬಿಡಿ. ಮೂವತ್ತೇಳು ತೆಗೆಯಬೇಕಾದರೆ ಒಂದು ಕಟ್ಟು ಬಿಚ್ಚದೆ ದಾರಿಯಿಲ್ಲ. ಕಟ್ಟು ಬಿಚ್ಚುವುದನ್ನು ಮಗುವೇ ಮಾಡಬೇಕು, ಮೇಜಿನ ಮೇಲೆ ನೀವು ಮಾಡಿ ತೋರಿಸಿದರೆ ಆಗದು. ಕಡ್ಡಿಯ ಪಕ್ಕದಲ್ಲೇ ಪಾಟಿಯ ಮೇಲೆ ಅಂಕಿ ಬರೆಸಿ, ಒಂದೊಂದು ಹೆಜ್ಜೆಗೂ. ಕಡ್ಡಿ ಒಂದು ದಿನ, ಬರಹ ಇನ್ನೊಂದು ದಿನ ಮಾಡಿದರೆ ಎರಡೂ ಬೇರೆ ಬೇರೆ ಆಟ ಆಗಿ ಉಳಿಯುತ್ತವೆ. ಬಹಳ ಶಾಲೆಗಳಲ್ಲಿ ಗಣಿತ ಕಿಟ್ ಇದೆ, ಅದರಲ್ಲಿ ಹತ್ತರ ದಂಡ, ಬಿಡಿ ಘನಗಳೂ ಇವೆ. ಕಳೆದುಹೋದೀತೆಂದು ಬೀರುವಿನಲ್ಲಿ ಇಟ್ಟಿರುತ್ತೇವೆ. ಕಳೆದುಹೋಗಲಿ ಬಿಡಿ, ಕಡ್ಡಿ ಇದ್ದೇ ಇವೆ.

ಇನ್ನು ಟಿವಿ. ಈಗಾಗಲೇ ತಂದವರಿಗೆ ಕೆಲವು ಮಾತು. ಮಕ್ಕಳು ನೆಲದ ಮೇಲೆ ಕೂಡುತ್ತಾರೆ, ಟಿವಿಯನ್ನು ಮಾತ್ರ ಚೆಂಡು ಬಡಿದೀತೆಂದು ಏಳು ಅಡಿ ಮೇಲೆ ಹಾಕುತ್ತಾರೆ. ಮುಂದಿನ ಸಾಲಿನವರ ಕತ್ತು ನೋಯುತ್ತದೆ, ಹಿಂದಿನವರಿಗೆ ಅಕ್ಷರ ಕಾಣದು. ಆರು ಮೀಟರ್ ದೂರದಿಂದ ಓದಲು ಅಕ್ಷರ ಕನಿಷ್ಠ ಮೂರು ಸೆಂಟಿಮೀಟರ್ ಎತ್ತರ ಬೇಕು. ಒತ್ತಕ್ಷರ ಅದಕ್ಕಿಂತ ಸಣ್ಣದಾಗಿ ಕೆಳಗೆ ಕೂಡುವುದರಿಂದ ಕನ್ನಡಕ್ಕೆ ಇನ್ನೂ ದೊಡ್ಡದು ಬೇಕು. ಕಿಟಕಿ ಎದುರಿನ ಗೋಡೆ ಬೇಡ, ಬೆಳಕು ಹೊಳೆದು ಏನೂ ಕಾಣುವುದಿಲ್ಲ.

ಕರೆಂಟು. 43 ಇಂಚಿನ ಟಿವಿ ಸುಮಾರು ನೂರು ವ್ಯಾಟ್ ಎಳೆಯುತ್ತದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಬಳಸಿದರೂ ಆರೇಳು ತಾಸು ನಡೆಸುತ್ತದೆ. ಆದರೂ ಅರ್ಧ ತಾಸಿಗೇ ಯಾಕೆ ಸಾಯುತ್ತದೆ? ಅದೇ ಇನ್ವರ್ಟರಿಗೆ ಯಾರೋ ಆಫೀಸಿನ ಕಂಪ್ಯೂಟರ್, ನಾಲ್ಕು ಫ್ಯಾನು ಸೇರಿಸಿರುತ್ತಾರೆ. ಅದರ ಮೇಲೆ, ಬ್ಯಾಟರಿಗೆ ಬೋರಿನ ನೀರು ಹಾಕಿರುತ್ತಾರೆ. ನಮ್ಮ ಬೋರಿನ ಗಡಸು ನೀರಿನ ಲವಣ ಒಳಗಿನ ಫಲಕಗಳನ್ನು ಹಾಳು ಮಾಡುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು. ಟ್ಯಾಬ್ಲೆಟ್ ಇದ್ದರೆ ಮುಚ್ಚಿದ ಕಬ್ಬಿಣದ ಬೀರುವಿನೊಳಗೆ ಚಾರ್ಜಿಗೆ ಹಾಕಿ ಬೀಗ ಹಾಕಬೇಡಿ. ಈ ಬಿಸಿಲಿನಲ್ಲಿ ಒಳಗೆ ಗಾಳಿಯಾಡದೆ ಬ್ಯಾಟರಿ ಉಬ್ಬುತ್ತದೆ. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ವಿಡಿಯೊಗಳನ್ನು ನೆಟ್ ಸಿಗುವ ಕಡೆ ಮೊದಲೇ ಇಳಿಸಿಕೊಂಡು ಬನ್ನಿ, ತರಗತಿಯಲ್ಲಿ ಚಕ್ರ ತಿರುಗುವುದನ್ನು ನೋಡುತ್ತಾ ಕೂಡಬೇಡಿ.

ವಿಡಿಯೊ ಹಾಕಿ ಗುರುಗಳು ಹಾಜರಿ ಬರೆಯುತ್ತಾ ಕುಳಿತರೆ ಅದು ಪಾಠವಲ್ಲ. ಪಾಕಿಸ್ತಾನದ ಪಂಜಾಬಿನ ಮಾಧ್ಯಮಿಕ ಹಂತದ ಶಾಲೆಗಳಲ್ಲಿ ನಡೆದ ಎರಡು ಪ್ರಯೋಗಗಳಲ್ಲಿ, ಶಿಕ್ಷಕರ ಕೈಗೆ ಸಣ್ಣ ಸಣ್ಣ ವಿಡಿಯೊ ಕೊಟ್ಟು ಅವರ ಪಾಠದೊಳಗೆ ಬಳಸಿದ ಕಡೆ ಅಂಕ ಏರಿತು, ಶಿಕ್ಷಕರನ್ನು ಪಕ್ಕಕ್ಕಿಟ್ಟು ಮಕ್ಕಳ ಕೈಗೇ ಟ್ಯಾಬ್ಲೆಟ್ ಕೊಟ್ಟ ಕಡೆ ಇಳಿಯಿತು. ಐದಾರು ನಿಮಿಷದ ತುಣುಕು ಇರಲಿ. ಎರಡು ಕಡೆ ನಿಲ್ಲಿಸಿ, 'ಮುಂದೇನಾಗುತ್ತದೆ' ಎಂದು ಪಾಟಿಯ ಮೇಲೆ ಬರೆಸಿ, ಆಮೇಲೆ ಮುಂದೆ ಹೋಗಿ.

ನನ್ನ ಅಂದಾಜಿನಲ್ಲಿ ನಮ್ಮ ಮೂರು ಜಿಲ್ಲೆಗೆ ಟಿವಿಗಿಂತ ಹೆಚ್ಚು ಒಗ್ಗುವ ಯಂತ್ರ ಸಾದಾ ಮೊಬೈಲು. ಕೋವಿಡ್ ಕಾಲದಲ್ಲಿ ಬೋಟ್ಸ್‌ವಾನಾದಲ್ಲಿ ನೋಮ್ ಆಂಗ್ರಿಸ್ಟ್ ಮತ್ತು ಜೊತೆಗಾರರು ಸುಮಾರು 4,500 ಮನೆಗಳಲ್ಲಿ ನೋಡಿದರು. ಬರೀ ಎಸ್‌ಎಂಎಸ್ ಕಳಿಸಿದ ಕಡೆ ಗಮನಾರ್ಹ ಲಾಭ ಕಾಣಲಿಲ್ಲ. ಎಸ್‌ಎಂಎಸ್ ಜೊತೆಗೆ ವಾರಕ್ಕೊಂದು, 15–20 ನಿಮಿಷದ ಕರೆ ಮಾಡಿ ಲೆಕ್ಕ ಹೇಳಿಕೊಟ್ಟ ಕಡೆ ಕಲಿಕೆ ಏರಿತು. ಆಮೇಲೆ ಭಾರತವೂ ಸೇರಿ ಐದು ದೇಶಗಳಲ್ಲಿ ಮತ್ತೆ ಮಾಡಿ ನೋಡಿದಾಗ ಪರಿಣಾಮ ಇನ್ನೂ ಹೆಚ್ಚು ಬಂತು. ನಮ್ಮ ರಾಜ್ಯದ 'ಗಣಿತ ಗಣಕ' ಇದೇ ದಾರಿಯದು, ಮೂರರಿಂದ ಐದನೇ ತರಗತಿ ಮಕ್ಕಳಿಗೆ ಶಿಕ್ಷಕರ ಫೋನು ಪಾಠ.

ಫೋನು ಅಪ್ಪನ ಕಿಸೆಯಲ್ಲಿರುತ್ತದೆ, ಹಗಲು ಕರೆ ಮಾಡಿ ಉಪಯೋಗವಿಲ್ಲ. ಸಂಜೆ ಏಳರ ನಂತರದ ವೇಳೆಯನ್ನು ತಾಯಿಯ ಹತ್ತಿರ ಕೇಳಿಯೇ ಗೊತ್ತು ಮಾಡಿ. ಸ್ಪೀಕರ್ ಹಾಕಿಸಿ, ಕೈಯಲ್ಲಿ ಕಾಗದ-ಪೆನ್ಸಿಲ್ ಇರಲಿ. ಮೊದಲು ಒಂದು ಲೆಕ್ಕ ಕೊಟ್ಟು ಮಟ್ಟ ನೋಡಿ, ಉತ್ತರಕ್ಕಿಂತ 'ಹೆಂಗ ಮಾಡಿದಿ, ಹೇಳು' ಎಂಬ ಮಾತು ಮುಖ್ಯ. ಪಕ್ಕದಲ್ಲಿ ಕೂತ ಅಣ್ಣ ಉತ್ತರ ಹೇಳಿಕೊಡುತ್ತಾನೆ, ಅದಕ್ಕೂ ಇದೇ ಮದ್ದು. ರೀಚಾರ್ಜ್ ಮುಗಿದ ನಂಬರುಗಳಿಗೆ ಪಕ್ಕದ ಮನೆಯ ನಂಬರೊಂದು ಬರೆದಿಟ್ಟುಕೊಳ್ಳಿ. ಪುಣೆಗೋ ಬೆಂಗಳೂರಿಗೋ ತಂದೆತಾಯಿಯ ಜೊತೆ ದುಡಿಯಲು ಹೋದ ಮಗುವಿಗೂ ಈ ಕರೆ ಮುಟ್ಟುತ್ತದೆ. ಶಾಲೆಯ ಗೋಡೆಗೆ ಹಾಕಿದ ಟಿವಿ ಆ ಮಗುವಿಗೆ ಮುಟ್ಟದು.

ಸಿಆರ್‌ಪಿಗಳಿಗೆ ಎರಡು ಅಧ್ಯಯನ ಹೇಳಲೇಬೇಕು. ಮಧ್ಯಪ್ರದೇಶದಲ್ಲಿ ಶಾಲೆಗಳ ಸ್ಥಿತಿ ಅಳೆದು, ಪ್ರತಿ ಶಾಲೆಗೂ ಸುಧಾರಣಾ ಯೋಜನೆ ಬರೆಸಿ, ಅದರ ಮೇಲೆ ನಿಗಾ ಇಡುವ ದೊಡ್ಡ ಕಾರ್ಯಕ್ರಮ ನಡೆಯಿತು. ಮುರಳೀಧರನ್ ಮತ್ತು ಸಿಂಗ್ 1,774 ಶಾಲೆಗಳಲ್ಲಿ ಅದನ್ನು ಪರೀಕ್ಷಿಸಿದರು. ಶಾಲೆಗಳನ್ನು ಅಳೆದದ್ದೂ ಆಯಿತು, ಯೋಜನೆ ಬರೆದದ್ದೂ ಆಯಿತು. ಶಿಕ್ಷಕರ ಹಾಜರಿಯಲ್ಲಾಗಲಿ ಮಕ್ಕಳ ಕಲಿಕೆಯಲ್ಲಾಗಲಿ ಏನೂ ಬದಲಾಗಲಿಲ್ಲ. ಆದರೂ ಅದು ಯಶಸ್ವಿ ಎನಿಸಿಕೊಂಡು ದೇಶದ ಆರು ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿತು. ಕಾಗದ ತುಂಬಿದ್ದನ್ನೇ ಕೆಲಸ ಆದಂತೆ ಲೆಕ್ಕ ಹಾಕಿದ್ದರ ಫಲ ಇದು. ಇಲ್ಲಿ ಕೆಲವರು ನಗುತ್ತಿದ್ದೀರಿ, ನಿಮ್ಮ ಶಾಲೆಯ ಎಸ್‌ಡಿಪಿ (ಶಾಲಾ ಅಭಿವೃದ್ಧಿ ಯೋಜನೆ) ಕಡತ ನೆನಪಾಗಿರಬೇಕು.

ಇನ್ನೊಂದು ಹರಿಯಾಣದ್ದು, 2012-13. ಅಲ್ಲಿ ಸರ್ಕಾರಿ ಶಿಕ್ಷಕರೇ ಮಟ್ಟದ ಪ್ರಕಾರ ಕಲಿಸಿದರು, ಹಿಂದಿ ಓದು ಸುಧಾರಿಸಿತು. ಬಿಹಾರದಲ್ಲಿ ಅದಕ್ಕಿಂತ ಮೊದಲು ಶಾಲಾ ವರ್ಷದಲ್ಲಿ ಬರೀ ತರಬೇತಿ ಮತ್ತು ಸಾಮಗ್ರಿ ಕೊಟ್ಟು ನೋಡಿದ್ದರು, ಏನೂ ಕದಲಿರಲಿಲ್ಲ. ಹರಿಯಾಣದಲ್ಲಿ ಮೂರು ಸಂಗತಿ ಬೇರೆ ಇದ್ದವು. ವೇಳಾಪಟ್ಟಿಯಲ್ಲಿ ಇದಕ್ಕೆಂದೇ ಒಂದು ತಾಸು ಆದೇಶ ಮಾಡಿ ಇಟ್ಟಿದ್ದರು. ಆ ತಾಸಿನಲ್ಲಿ ಮೂರರಿಂದ ಐದರ ಮಕ್ಕಳನ್ನು ತರಗತಿ ಬಿಟ್ಟು ಮಟ್ಟದ ಪ್ರಕಾರ ಕೂಡಿಸಿದರು. ನಮ್ಮ ಸಿಆರ್‌ಪಿಗಳಂಥ ಅಧಿಕಾರಿಗಳು ಮೊದಲು ತಾವೇ ಮಕ್ಕಳಿಗೆ ಈ ವಿಧಾನದಲ್ಲಿ ಕಲಿಸಿ ನೋಡಿ, ಆಮೇಲೆ ಶಾಲೆಗಳಿಗೆ ಹೋದರು. ಉತ್ತರ ಪ್ರದೇಶದಲ್ಲಿ ಹತ್ತು ಹತ್ತು ದಿನದ ಶಿಬಿರಗಳಾಗಿ ಒಟ್ಟು ಐವತ್ತು ದಿನ, ಪ್ರಥಮ್ ಸಿಬ್ಬಂದಿ ಮತ್ತು ಸ್ವಯಂಸೇವಕರನ್ನು ಇಟ್ಟುಕೊಂಡು ಮಾಡಿದಾಗ 50ನೆಯ ಮಗು ಸುಮಾರು 76ರ ಜಾಗ ಮುಟ್ಟಿತು. ಹಾಗಾಗಿ ಸಿಆರ್‌ಪಿಯವರೇ, ಮುಂದಿನ ಭೇಟಿಯಲ್ಲಿ ದಾಖಲೆ ಕೇಳುವ ಮೊದಲು ಹಾಜರಿ ಪುಸ್ತಕದ ಪ್ರತಿ ಐದನೆಯ ಹೆಸರು ಕರೆದು ಐದು ಮಕ್ಕಳನ್ನು ಓದಿಸಿ. ಹೆಸರನ್ನು ಗುರುಗಳು ಆರಿಸಬಾರದು. ಇಪ್ಪತ್ತು ನಿಮಿಷದ ಕೆಲಸ.

ಪ್ರೌಢಶಾಲೆಯವರು ಸುಮ್ಮನೆ ಕೂತಿದ್ದೀರಿ, ನಿಮಗೆ ಒಂದೇ ಮಾತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಂದು ಗದ್ಯವನ್ನು ಎರಡು ಸಲ ಓದಿಸಿದರು, ಕೆಲವರಿಗೆ ಒಂದು ಸಲ ಓದಿಸಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರು ಮುಂದೆ, ಶೇ 81ಕ್ಕೆ 75. ವಾರದ ನಂತರ ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇ 42, ನೆನಪಿನಿಂದ ಬರೆದವರಿಗೆ ಶೇ 56. ನಮ್ಮ ಮಕ್ಕಳು ನೋಟ್ಸನ್ನು ಮತ್ತೆ ಮತ್ತೆ ಓದುತ್ತಾರೆ, ಬರುತ್ತದೆ ಅನಿಸುತ್ತದೆ, ಪರೀಕ್ಷೆ ಹೊತ್ತಿಗೆ ಹೋಗಿರುತ್ತದೆ. ಪ್ರತಿ ಅವಧಿಯ ಮೊದಲ ಐದು ನಿಮಿಷ ಮೂರು ಪ್ರಶ್ನೆ ಹಾಕಿ: ನಿನ್ನೆಯದೊಂದು, ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು. ಪುಸ್ತಕ ಮುಚ್ಚಿ, ಎಲ್ಲರೂ ಬರೆಯಬೇಕು. ಅಂಕ ಬೇಡ. ಸರಿ ಉತ್ತರ ತಕ್ಷಣ ಹಲಗೆಯ ಮೇಲೆ ಬರಲಿ, ಇಲ್ಲದಿದ್ದರೆ ತಪ್ಪೇ ಗಟ್ಟಿಯಾಗುತ್ತದೆ. 'ತಿಳೀತೇನ್ರಿ' ಅಂದರೆ 'ತಿಳೀತ್ರಿ ಸರ್' ಎಂದು ಐವತ್ತು ಬಾಯಿ ಒಟ್ಟಿಗೆ ಹೇಳುತ್ತವೆ, ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಇದನ್ನು ಜೂನ್‌ನಲ್ಲಿ ಶುರು ಮಾಡಬೇಕು, ಜನವರಿಯಲ್ಲಿ ಶುರು ಮಾಡಿದರೆ ಹೋದ ತಿಂಗಳು ಎಂಬುದೇ ಇರುವುದಿಲ್ಲ.

ಕೊನೆಗೆ ಪಂಚಾಂಗದ ಮಾತು. ರಾಜ್ಯದ ಶೈಕ್ಷಣಿಕ ವೇಳಾಪಟ್ಟಿಗೆ ನಮ್ಮ ಹೊಲದ ವೇಳಾಪಟ್ಟಿ ಗೊತ್ತಿಲ್ಲ. ದಸರಾ-ದೀಪಾವಳಿ ದಾಟಿದ ಮೇಲೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು, ಆಮೇಲೆ ತೊಗರಿ ರಾಶಿಗೆ ಮಕ್ಕಳು ಹೋಗುತ್ತಾರೆ. ಕೆಲವು ಮನೆಗಳು ಊರೇ ಬಿಡುತ್ತವೆ. ಹಾಗಾಗಿ ಈ ತಾಸಿನ ಗಟ್ಟಿ ಕೆಲಸವೆಲ್ಲ ಜೂನ್ ಮೂರನೇ ವಾರದಿಂದ ಸೆಪ್ಟೆಂಬರ್ ಒಳಗೆ ಆಗಬೇಕು. ಹೊರಡುವ ಮನೆಗಳ ಪಟ್ಟಿ ಎಸ್‌ಡಿಎಂಸಿಯವರಿಗೆ ಅಕ್ಟೋಬರಿನಲ್ಲೇ ಗೊತ್ತಿರುತ್ತದೆ, ಮುಂಗಡ ಕೊಟ್ಟು ಕೂಲಿಗೆ ಕರೆದೊಯ್ಯುವ ಮುಕಾದಮ ಊರಿಗೆ ಬಂದು ಹೋಗಿರುತ್ತಾನಲ್ಲ. ಆ ಪಟ್ಟಿ ಮುಖ್ಯಗುರುಗಳ ಕೈಗೆ ಬಂದರೆ ಮಗುವಿನ ಮಟ್ಟ, ಇತ್ತೀಚೆಗೆ ಕಲಿತ ಚಿಹ್ನೆ, ಫೋನ್ ನಂಬರ್ ಮೂರನ್ನೂ ಒಂದು ಕಾರ್ಡಿನಲ್ಲಿ ಬರೆದು, ಒಂದು ಪ್ರತಿ ತಾಯಿಗೆ ಕೊಡಿ, ಒಂದು ಶಾಲೆಯಲ್ಲಿಡಿ. ಅಜ್ಜಿಯ ಹತ್ತಿರ ಬಿಟ್ಟುಹೋಗುವಂತಿದ್ದರೆ ವಲಸೆ ಹೋದವರ ಮಕ್ಕಳಿಗಾಗಿ ನಡೆಸುವ ಋತುಮಾನದ ವಸತಿಗೆ ಸೇರಿಸುವ ಅರ್ಜಿಯನ್ನೂ ಆಗಲೇ ಬರೆಸಿ. ಫೆಬ್ರುವರಿಯಲ್ಲಿ ಮಗು ತಿರುಗಿ ಬಂದ ದಿನ ಹಾಜರಿ ಕೂಗುವ ಮೊದಲು ಆ ಕಾರ್ಡು ತೆಗೆದು ಮೂರು ನಿಮಿಷ ಓದಿಸಿ. ಎಲ್ಲಿಗೆ ಇಳಿದಿದೆ ಎಂದು ಗೊತ್ತಾದರೆ ಯಾವ ಗುಂಪು ಎಂಬುದು ಅದೇ ದಿನ ತೀರ್ಮಾನವಾಗುತ್ತದೆ.